ಒಲೆ ಉರಿಯುತ್ತಿದ್ದರೂ ನೀರಿನ ಬಿಸಿ ಏರದಿರುವುದೇಕೆ?

ಪಾತ್ರೆಯೊಂದಕ್ಕೆ ಮಂಜುಗಡ್ಡೆಯ ಚೂರುಗಳನ್ನು ಹಾಕಿ ಸಣ್ಣ ಉರಿಯ ಮೇಲಿಡಿ. ಥರ್ಮಾಮೀಟರ್ ಇಳಿಬಿಟ್ಟು, ಕಲಕುತ್ತಾ ನೋಡಿ. ಗಡ್ಡೆ ಕರಗುತ್ತಾ ಹೋಗುತ್ತದೆ, ಆದರೆ ಥರ್ಮಾಮೀಟರ್ 0 ಡಿಗ್ರಿ ಬಿಟ್ಟು ಕದಲುವುದಿಲ್ಲ. ಕೊನೆಯ ಚೂರು ಕರಗಿದ ಮೇಲೆಯೇ ಅದು ಏರತೊಡಗುತ್ತದೆ. 100 ಡಿಗ್ರಿಯಲ್ಲಿ ನೀರು ಕುದಿಯಲು ಶುರುವಾದಾಗ ಮತ್ತೆ ನಿಂತುಬಿಡುತ್ತದೆ. ಉರಿ ಜಾಸ್ತಿ ಮಾಡಿದರೆ ನೀರು ಬೇಗ ಬತ್ತುತ್ತದೆ ಅಷ್ಟೇ, ಇನ್ನಷ್ಟು ಬಿಸಿಯಾಗುವುದಿಲ್ಲ. ಹಾಗಾದರೆ ಒಲೆ ಕೊಟ್ಟ ಶಾಖ ಎಲ್ಲಿಗೆ ಹೋಯಿತು?

1760ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿದ್ದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಈ ಶಾಖವನ್ನು ಅಳೆದು ನೋಡಿದರು. ಥರ್ಮಾಮೀಟರ್‌ಗೆ ಕಾಣದೆ ಅಡಗುವ ಇದನ್ನೇ ನಾವು ಗುಪ್ತೋಷ್ಣ ಎನ್ನುತ್ತೇವೆ. ಅದು ಅಡಗುವುದು ಎಲ್ಲಿ ಎಂಬುದು ಗೊತ್ತಾಗಲು ಅಣುಗಳ ಮಟ್ಟಕ್ಕೆ ಇಳಿಯಬೇಕು.

ಅಣುಗಳು ಸುಮ್ನೆ ಕೂರುವುದಿಲ್ಲ. ಗಟ್ಟಿ ಮಂಜುಗಡ್ಡೆಯಲ್ಲೂ ಅವು ನಿಂತಲ್ಲೇ ನಡುಗುತ್ತಿರುತ್ತವೆ. ಥರ್ಮಾಮೀಟರ್ ಅಳೆಯುವುದು ಈ ಚಲನೆಯನ್ನು ಮಾತ್ರ. ಆದರೆ ಅಣುಗಳ ನಡುವೆ ಸೆಳೆತವೂ ಇದೆ. ಆ ಸೆಳೆತದ ವಿರುದ್ಧ ಅವನ್ನು ಬಿಡಿಸಲು ಶಕ್ತಿ ಬೇಕು. ಬಾವಿಯಿಂದ ಕೊಡ ಎಳೆದ ಹಾಗೆ: ಮೇಲೆ ಬಂದ ಕೊಡ ಸ್ತಬ್ಧವಾಗಿಯೇ ಇರುತ್ತದೆ, ಆದರೆ ಪಟ್ಟ ಶ್ರಮ ನಿಮ್ಮ ತೋಳಿಗೆ ಗೊತ್ತು. ಕರಗುವಾಗ, ಕುದಿಯುವಾಗ ಒಲೆಯ ಶಾಖ ಹೋಗುವುದು ಈ ಬಿಡಿಸುವ ಕೆಲಸಕ್ಕೆ. ಅಣುಗಳ ವೇಗ ಏರುವುದಿಲ್ಲ, ಹಾಗಾಗಿ ಥರ್ಮಾಮೀಟರೂ ಏರುವುದಿಲ್ಲ.

ಈ ಕೆಲಸಕ್ಕೆ ಎಷ್ಟು ಶಾಖ ಬೇಕು ಎಂದು ತಿಳಿದಾಗ ನನಗಂತೂ ಬೆರಗಾಗಿತ್ತು. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಅಷ್ಟೇ ಶಾಖದಲ್ಲಿ ಒಂದು ಗ್ರಾಂ ನೀರನ್ನು 0ಯಿಂದ 80 ಡಿಗ್ರಿಗೆ ಏರಿಸಬಹುದಿತ್ತು! ಕುದಿಯುವ ನೀರು ಪೂರ್ತಿ ಆವಿಯಾಗಲು ಗ್ರಾಂಗೆ ಸುಮಾರು 540 ಕ್ಯಾಲೊರಿ ಬೇಕು. ಇಷ್ಟು ಅಂತರ ಯಾಕೆ? ಮಂಜುಗಡ್ಡೆಯಲ್ಲಿ ಪ್ರತಿ ಅಣುವೂ ಅಕ್ಕಪಕ್ಕದ ನಾಲ್ಕು ಅಣುಗಳನ್ನು ಹಿಡಿದುಕೊಂಡಿರುತ್ತದೆ. ಕರಗಿದಾಗ ಆ ಹಿಡಿತ ಸಡಿಲವಾಗುತ್ತದೆ, ಆದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡೇ ಓಡಾಡುತ್ತವೆ. ಆವಿಯಾಗಬೇಕಾದರೆ ನಂಟೆಲ್ಲ ಕಡಿದುಕೊಂಡು ಒಂಟಿಯಾಗಬೇಕು.

ಕುದಿಯುವಾಗ ಇನ್ನೊಂದು ಎದುರಾಳಿಯೂ ಉಂಟು, ಮೇಲಿನ ಗಾಳಿ. ನೀರಿನೊಳಗೆ ಹಬೆಯ ಗುಳ್ಳೆ ಉಬ್ಬಬೇಕಾದರೆ ಅದು ಗಾಳಿಯ ಒತ್ತಡಕ್ಕೆ ಎದುರು ನಿಲ್ಲಬೇಕು. ಎವರೆಸ್ಟ್ ತುದಿಯಲ್ಲಿ ಒತ್ತಡ ತೀರಾ ಕಡಿಮೆ, ಅಲ್ಲಿ ನೀರು 70 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಪ್ರೆಷರ್ ಕುಕ್ಕರ್‌ನಲ್ಲಿ ಇದಕ್ಕೆ ತದ್ವಿರುದ್ಧ.

ಎಲ್ಲ ವಸ್ತುಗಳ ಸೆಳೆತವೂ ಒಂದೇ ಅಲ್ಲ. ಹೀಲಿಯಂ ಮೈನಸ್ 269 ಡಿಗ್ರಿಗೇ ಕುದಿಯುತ್ತದೆ, ಟಂಗ್‌ಸ್ಟನ್ ಕರಗಲಿಕ್ಕೇ 3400 ಡಿಗ್ರಿ ದಾಟಬೇಕು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಣು ನೀರಿನ ಅಣುವಿನ ಸುಮಾರು ಎರಡರಷ್ಟು ಭಾರ. ಭಾರದ ಅಣುಗಳ ವಸ್ತು ಸಾಮಾನ್ಯವಾಗಿ ಹೆಚ್ಚಿನ ಬಿಸಿಯಲ್ಲಿ ಕುದಿಯಬೇಕು, ಆದರೂ ಅದು ಕುದಿಯುವುದು ಸುಮಾರು ಮೈನಸ್ 60 ಡಿಗ್ರಿಯಲ್ಲಿ. ನೀರು 100ರವರೆಗೆ ತಡೆದುಕೊಳ್ಳುವುದು ಅದರ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳಿಂದ, ಅಂದರೆ ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಆಮ್ಲಜನಕಕ್ಕೂ ನಡುವಿನ ಬಲವಾದ ಸೆಳೆತದಿಂದ.

ಕುದಿಯುವ ನೀರೂ ಅದರ ಹಬೆಯೂ ಇರುವುದು 100 ಡಿಗ್ರಿಯಲ್ಲೇ ಅಲ್ವಾ? ಆದರೂ ಹಬೆ ತಾಗಿದರೆ ಸುಟ್ಟ ಗಾಯ ಜಾಸ್ತಿ. ಚರ್ಮದ ಮೇಲೆ ಹಬೆ ಮತ್ತೆ ನೀರಾಗುವಾಗ, ಪ್ರತಿ ಗ್ರಾಂನಲ್ಲೂ ಅಡಗಿಸಿಟ್ಟುಕೊಂಡಿದ್ದ ಆ 540 ಕ್ಯಾಲೊರಿಯನ್ನೂ ಅಲ್ಲೇ ಇಳಿಸಿಬಿಡುತ್ತದೆ.