ಹೊಳೆ ದಂಡೆಯಲ್ಲಿದ್ದೂ ಮಳೆ ನಂಬಿದವರು

ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ಎಡದಂಡೆಗೆ ಹಳ್ಳೂರು ಅಂತ ಒಂದು ಊರಿದೆ. ಅಲ್ಲಿನ ದಿಬ್ಬವನ್ನು 1965ರಲ್ಲಿ ಪುರಾತತ್ವ ವಿದ್ವಾಂಸ ಎಂ. ಎಸ್. ನಾಗರಾಜರಾವ್ ಅಗೆಸಿದರು. ತಳದ ಪದರಗಳಲ್ಲಿ ಸಿಕ್ಕಿದ್ದು 3,500 ವರ್ಷಕ್ಕೂ ಹಳೆಯ, ರೈತರ ಒಂದು ಸಣ್ಣ ಊರು. ದುಂಡನೆಯ ಗುಡಿಸಲುಗಳು, ಉಜ್ಜಿ ನುಣುಪು ಮಾಡಿದ ಕಲ್ಲುಕೊಡಲಿ, ಕೈಯಲ್ಲೇ ತಟ್ಟಿ ಮಾಡಿದ ಬೂದುಬಣ್ಣದ ಮಡಕೆ. ತೀರಿಹೋದ ಕೂಸುಗಳನ್ನು ಅವರು ಮಡಕೆಯಲ್ಲಿಟ್ಟು ಹೂಳುತ್ತಿದ್ದರು.

ಅವರು ಏನು ಬೆಳೆಯುತ್ತಿದ್ದರು? ಇದನ್ನು ಹೇಳಿದ್ದು ಸೀದುಹೋದ ಕಾಳುಗಳು. ಹಸಿ ಕಾಳು ಮಣ್ಣಿಗೆ ಬಿದ್ದರೆ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಒಲೆಯ ಬೆಂಕಿಗೆ ಬಿದ್ದು ಇದ್ದಿಲಾದ ಕಾಳನ್ನು ಮಾತ್ರ ಸೂಕ್ಷ್ಮಜೀವಿಗಳು ತಿನ್ನಲಾರವು. ಸಾವಿರಾರು ವರ್ಷ ಅದು ಹಾಗೇ ಉಳಿಯುತ್ತದೆ. ಅಗೆದ ಮಣ್ಣನ್ನು ನೀರಲ್ಲಿ ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ, ಹಗುರವಾದ ಇದ್ದಿಲ ಕಾಳು ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಹಳೆಯ ಕಾಲದ ಬೆಳೆಗಳನ್ನು ಅಧ್ಯಯನ ಮಾಡುವ ಡೋರಿಯನ್ ಫುಲ್ಲರ್, ಧಾರವಾಡದ ಪುರಾತತ್ವ ವಿದ್ವಾಂಸ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಹಳ್ಳೂರೂ ಸೇರಿದಂತೆ ದಕ್ಷಿಣದ ಹಲವು ನೆಲೆಗಳ ಮಣ್ಣನ್ನು ಹೀಗೆ ಸೋಸಿದರು. ಮತ್ತೆ ಮತ್ತೆ ಸಿಕ್ಕಿದ್ದು ಕೊರಲೆ ಎಂಬ ಕಿರುಧಾನ್ಯ, ನವಣೆಯ ಹತ್ತಿರದ ಇನ್ನೊಂದು ಕಿರುಧಾನ್ಯ, ಹುರುಳಿ, ಹೆಸರು. ಇವುಗಳ ಕಾಡುತಳಿಗಳು ದಕ್ಷಿಣ ಭಾರತದಲ್ಲೇ ಬೆಳೆಯುತ್ತವೆ. ಹಾಗಾಗಿ ಇವನ್ನು ಮೊದಲು ಹೊಲಕ್ಕೆ ತಂದವರು ಇಲ್ಲಿಯ ಜನರೇ ಇರಬೇಕು ಎಂದು ಈ ವಿಜ್ಞಾನಿಗಳು ವಾದಿಸುತ್ತಾರೆ. ಬೇಸಾಯ ಪೂರ್ತಿ ಹೊರಗಿಂದ ಬಂತು ಅನ್ನೋ ಹಳೆಯ ಮಾತು ಇಲ್ಲಿ ನಿಲ್ಲುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಈ ನಾಲ್ಕೂ ಮುಂಗಾರಿನ ಬೆಳೆಗಳು. ಹೊಳೆ ಪಕ್ಕದಲ್ಲೇ ಹರಿಯುತ್ತಿತ್ತು. ಆದರೂ ಹೊಲಕ್ಕೆ ಬೇಕಾದ ನೀರು ಆಕಾಶದಿಂದಲೇ ಬರಬೇಕಿತ್ತು. ಹೊಳೆಯ ಊರು ಅಂದ ಕೂಡಲೇ ನಾವು ಕಾಲುವೆ, ಗದ್ದೆ ನೆನೆಯುತ್ತೇವೆ ಅಲ್ವಾ? ಈ ಜನ ಆರಿಸಿಕೊಂಡಿದ್ದು ಕಡಿಮೆ ಮಳೆಗೂ ಕಾಳು ಕಟ್ಟುವ ಬೆಳೆ. ಹುರುಳಿಯಂತೂ ಬರಡು ನೆಲದಲ್ಲೂ ಕೈಬಿಡುವುದಿಲ್ಲ. ಹೊಳೆ ದನಗಳಿಗೂ ಮನೆಗೂ ನೀರು ಕೊಟ್ಟಿತು. ಆ ಕಾಲದ ಈ ಸೀಮೆಯ ನೆಲೆಗಳಲ್ಲಿ ಸಿಗುವ ಎಲುಬುಗಳಲ್ಲಿ ದನದ್ದೇ ಜಾಸ್ತಿ.

ಊರು ಹಾಗೇ ನಿಂತಿರಲಿಲ್ಲ. ಆಫ್ರಿಕಾದಲ್ಲಿ ಹುಟ್ಟಿದ ಸಜ್ಜೆ ಇಲ್ಲಿಗೂ ತಲುಪಿತು. ಮೇಲಿನ ಪದರಗಳಲ್ಲಿ, ಸುಮಾರು 3,000 ವರ್ಷದ ಹಿಂದೆ, ಕಬ್ಬಿಣದ ಬಾಣದ ಮೊನೆಗಳು ಕಾಣಿಸಿಕೊಳ್ಳುತ್ತವೆ. ದಕ್ಷಿಣದ ಹಳೆಯ ಕಬ್ಬಿಣದಲ್ಲಿ ಇವೂ ಸೇರಿವೆ. ಹತ್ತಿಯ ಗುರುತೂ ಸಿಕ್ಕಿದೆ.

ಹಾಗಾದರೆ ರಾಗಿ? ಅದೂ ಆಫ್ರಿಕಾದ್ದೇ. ದಕ್ಷಿಣದ ಹಳೆಯ ಅಗೆತಗಳ ವರದಿಗಳಲ್ಲಿ ರಾಗಿ ಎಂದು ಬರೆದಿದ್ದ ಹಲವು ಕಾಳುಗಳನ್ನು ಮತ್ತೆ ಪರೀಕ್ಷಿಸಿದಾಗ ಅವು ಸಿಪ್ಪೆ ಹೋದ ಬೇರೆ ಕಿರುಧಾನ್ಯಗಳೆಂದು ತಿಳಿಯಿತು. ಮುದ್ದೆಗಿಂತ ಎಷ್ಟೋ ಮೊದಲೇ ಇಲ್ಲಿ ಕೊರಲೆ ಬೇಯುತ್ತಿತ್ತು. ತುಮಕೂರು, ಚಿತ್ರದುರ್ಗ ಕಡೆಯ ಒಣಹೊಲಗಳಲ್ಲಿ ಅದನ್ನು ಈಗಲೂ ಬಿತ್ತುತ್ತಾರೆ.