ಧರ್ಮನಿಂದನೆ: ನಮ್ಮ ದಂಡಸಂಹಿತೆಯಲ್ಲಿ ಇಲ್ಲದ ಅಪರಾಧ

ಕಳೆದ ವಾರ ಒಂದೇ ದಿನ ಮೂರು ಸುದ್ದಿಗಳ ತಲೆಬರಹದಲ್ಲಿ ‘ಧರ್ಮನಿಂದನೆ’ ಕಂಡೆ. ಒಂದು ಪಾಕಿಸ್ತಾನದ ಮರಣದಂಡನೆಯ ಸುದ್ದಿ. ಇನ್ನೊಂದು, ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ದಕ್ಕೆ ನಮ್ಮದೇ ರಾಜ್ಯದ ಹುಡುಗನೊಬ್ಬನ ಮೇಲೆ ಎಫ್‌ಐಆರ್ ಆದದ್ದು. ಮೂರನೆಯದು, ಯಾರೋ ಪ್ರವಾಸಿಗರು ಚಪ್ಪಲಿ ಮೆಟ್ಟಿಕೊಂಡೇ ಗುಡಿಯ ಪ್ರಾಂಗಣ ದಾಟಿದ್ದು. ಮೂರಕ್ಕೂ ಒಂದೇ ಪದ. ಮೊದಲನೆಯದಕ್ಕೆ ಅದು ಸರಿ, ಎರಡನೆಯದಕ್ಕೆ ತಪ್ಪು. ಮೂರನೆಯದಕ್ಕಂತೂ ಕನ್ನಡದಲ್ಲಿ ಹಳೆಯ, ಹದವಾದ ಬೇರೆ ಪದವೇ ಇರುವಾಗ ಇದನ್ನು ತಂದು ಅಂಟಿಸುವ ಅಗತ್ಯವೇ ಇರಲಿಲ್ಲ.

ಆ ಹಳೆಯ ಪದದಿಂದಲೇ ಶುರುಮಾಡುತ್ತೇನೆ: ಅಪಚಾರ. ‘ಚರ್’ ಎಂದರೆ ನಡೆ. ಅಪಚಾರ ಎಂದರೆ ನಡೆಯಲ್ಲಿ ಆದ ತಪ್ಪು. ಮೈಲಿಗೆಯಲ್ಲಿ ಗುಡಿಯೊಳಗೆ ಹೋದದ್ದು, ಹರಕೆ ಮರೆತದ್ದು, ಚಪ್ಪಲಿ ಬಿಚ್ಚದೆ ಒಳಗೆ ಕಾಲಿಟ್ಟದ್ದು ಎಲ್ಲವೂ ಅಪಚಾರ. ಅದಕ್ಕೆ ಪರಿಹಾರವೂ ಊರಲ್ಲೇ ಇದೆ. ತಪ್ಪುಕಾಣಿಕೆ ಹಾಕಿ ಕೈಮುಗಿದರೆ ಆಯಿತು. ಗೊತ್ತಿಲ್ಲದೆ ಮಾಡಿದ್ದಾದರೂ ಅಪಚಾರ ಅಪಚಾರವೇ, ಆದರೆ ಗೊತ್ತಿಲ್ಲದೆ ಮಾಡಿದವನನ್ನು ಯಾರೂ ದ್ರೋಹಿ ಎನ್ನುವುದಿಲ್ಲ. ಶ್ರೀವೈಷ್ಣವರು ಇದರಲ್ಲಿ ಇನ್ನೂ ಸೂಕ್ಷ್ಮವಾಗಿ ಭೇದ ಮಾಡುತ್ತಾರೆ. ದೇವರಿಗೆ ಮಾಡಿದ ತಪ್ಪು ಭಗವದಪಚಾರ. ದೇವರ ಭಕ್ತರಿಗೆ ಮಾಡಿದ ತಪ್ಪು ಭಾಗವತಾಪಚಾರ. ಎರಡರಲ್ಲಿ ಹೆಚ್ಚು ಘೋರವಾದದ್ದು ಎರಡನೆಯದು. ನೊಂದದ್ದು ದೇವರೋ ಮನುಷ್ಯರೋ ಎಂಬ ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ನಿಂದೆ. ಅದು ಬಾಯಿಯ ಕೆಲಸ: ಬೈಗುಳ, ತೆಗಳಿಕೆ. ದೂಷಣೆ ಎಂದರೆ ದೋಷ ಹೊರಿಸುವುದು, ಅವಹೇಳನ ಎಂದರೆ ಹಗುರವಾಗಿ ಕಾಣುವುದು, ಅಪಮಾನ ಎಂದರೆ ಮಾನ ಕಳೆಯುವುದು. ಸುದ್ದಿಮನೆಗಳಲ್ಲಿ ಈ ನಾಲ್ಕೂ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ನಿಂದೆ ಮಾತ್ರ ನಮ್ಮಲ್ಲಿ ಸದಾ ಕೆಟ್ಟ ಪದವಾಗಿರಲಿಲ್ಲ. ನಿಂದಾಸ್ತುತಿ ಎಂಬ ಪ್ರಕಾರವೇ ಇದೆ. ದೇವರನ್ನು ತಿರುಕ, ಕಳ್ಳ, ಮಾತಿಗೆ ತಪ್ಪುವವನು ಎಂದು ಬೈಯುವ ಪದಗಳನ್ನು ಭಜನೆಯಲ್ಲಿ ತಾಳ ಹಾಕಿಕೊಂಡು ಹಾಡುತ್ತೇವೆ. ಅದೇ ಮಾತನ್ನು ಹಾಗೇ ಕಾಗದಕ್ಕಿಳಿಸಿ, ಭಕ್ತಿಯ ಗಂಧವಿಲ್ಲದವನ ಬಾಯಲ್ಲಿಟ್ಟರೆ ಬರೀ ಬೈಗುಳ. ಅಕ್ಷರ ಅವೇ, ಬದಲಾದದ್ದು ಆಡಿದವನ ಉದ್ದೇಶ. ನಿಂದೆ ಯಾವುದು, ಸ್ತುತಿ ಯಾವುದು ಎಂದು ತೀರ್ಮಾನಿಸಲು ಮಾತಿನ ಹಿಂದಿನ ಮನಸ್ಸನ್ನು ನೋಡಬೇಕು ಎಂಬುದು ನಮ್ಮ ಅಲಂಕಾರಶಾಸ್ತ್ರಕ್ಕೆ ಬಹಳ ಹಿಂದೆಯೇ ಗೊತ್ತಿತ್ತು.

‘ಧರ್ಮನಿಂದನೆ’ ಈಗ ಪತ್ರಿಕೆಗಳಲ್ಲಿ ಬರುವ ಅರ್ಥದಲ್ಲಿ ಇಂಗ್ಲಿಷಿನ ಬ್ಲಾಸ್ಫೆಮಿಯ ಅನುವಾದ. ಅದರ ಮೂಲವಾದ ಗ್ರೀಕ್ ಪದದಲ್ಲಿನ ‘ಫೇಮೆ’ ಎಂದರೆ ಮಾತು. ಮೊದಲು ಯಾರನ್ನೇ ಹೀನಾಯವಾಗಿ ಬೈದರೂ ಅದು ಬ್ಲಾಸ್ಫೆಮಿಯೇ. ಚರ್ಚಿನ ಬಳಕೆಯಲ್ಲಿ ಅದು ದೇವರ ವಿರುದ್ಧದ ಮಾತಿಗೆ ಮೀಸಲಾಯಿತು. ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ‘ದೇವದೂಷಣೆ’ ಎಂದಿದೆ. ನಿಖರವಾದ ಪದ, ದೂಷಣೆಗೆ ಗುರಿಯಾದವನು ದೇವರು ಎಂಬುದು ಅದರಲ್ಲೇ ಇದೆ. ಇಂಗ್ಲೆಂಡಿನ ‘ಕಾಮನ್ ಲಾ’ದಲ್ಲಿ, ಅಂದರೆ ತೀರ್ಪುಗಳಿಂದ ಬೆಳೆದ ಕಾನೂನಿನಲ್ಲಿ, ಈ ಅಪರಾಧ 2008ರವರೆಗೂ ಉಳಿದಿತ್ತು, ರಕ್ಷಣೆ ಕ್ರೈಸ್ತ ಮತಕ್ಕೆ ಮಾತ್ರ.

ನಮ್ಮಲ್ಲಿ ಬಹಳ ಮಂದಿ ಮರೆಯುವ ಸಂಗತಿ ಎಂದರೆ, ಬ್ರಿಟಿಷರು ಆ ಅಪರಾಧವನ್ನು ಇಲ್ಲಿಗೆ ತರಲಿಲ್ಲ. 1837ರಲ್ಲಿ ಮೆಕಾಲೆ ಸಿದ್ಧಪಡಿಸಿದ ಕರಡಿನಲ್ಲಾಗಲಿ, 1860ರ ದಂಡಸಂಹಿತೆಯಲ್ಲಾಗಲಿ ದೇವದೂಷಣೆ ಇಲ್ಲ. 15ನೇ ಅಧ್ಯಾಯದ ಕಲಂಗಳೆಲ್ಲ ಮನುಷ್ಯರನ್ನು ಕುರಿತವು: ಒಂದು ವರ್ಗದ ಜನ ಪವಿತ್ರವೆಂದು ಭಾವಿಸಿದ ವಸ್ತುವನ್ನು, ಜಾಗವನ್ನು ಕೆಡಿಸುವುದು (295), ಪೂಜೆಗೆ ಸೇರಿದವರಿಗೆ ಅಡ್ಡಿ ಮಾಡುವುದು (296), ಸ್ಮಶಾನಕ್ಕೆ ನುಗ್ಗುವುದು (297), ಒಬ್ಬರ ಧಾರ್ಮಿಕ ಭಾವನೆಯನ್ನು ಬೇಕೆಂದೇ ನೋಯಿಸುವ ಮಾತಾಡುವುದು (298).

295ಎ ಸೇರಿದ್ದು 1927ರಲ್ಲಿ. ಪ್ರವಾದಿಯವರ ಖಾಸಗಿ ಬದುಕನ್ನು ಹೀಯಾಳಿಸುವ ಕಿರುಹೊತ್ತಿಗೆಯೊಂದನ್ನು ಲಾಹೋರಿನ ಪ್ರಕಾಶಕ ರಾಜಪಾಲ್ ಪ್ರಕಟಿಸಿದ್ದರು. ಸಮುದಾಯಗಳ ನಡುವೆ ವೈರ ಹುಟ್ಟಿಸುವುದರ ವಿರುದ್ಧದ 153ಎ ಅಡಿಯಲ್ಲಿ ಅವರಿಗೆ ಶಿಕ್ಷೆಯಾಯಿತು. ಆದರೆ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್, ಗತಿಸಿದ ಧಾರ್ಮಿಕ ನಾಯಕರ ಮೇಲಿನ ಟೀಕೆ ಎಷ್ಟೇ ಕೀಳಾಗಿದ್ದರೂ ಆ ಕಲಂನೊಳಗೆ ಬರುವುದಿಲ್ಲ ಎಂದು 1927ರಲ್ಲಿ ಬಿಡುಗಡೆ ಮಾಡಿದರು. ಪಂಜಾಬ್ ಹೊತ್ತಿಕೊಂಡಿತು. ಅದೇ ವರ್ಷ ಕೇಂದ್ರ ಶಾಸನಸಭೆ ಹೊಸ ಕಲಂ ತಂದಿತು. ಆ ಚರ್ಚೆಯಲ್ಲಿ, ಪ್ರಾಮಾಣಿಕವಾಗಿ ಇತಿಹಾಸ ಬರೆಯುವವರಿಗೆ, ಸತ್ಯ ಹುಡುಕುವವರಿಗೆ, ಧರ್ಮವನ್ನು ಸದುದ್ದೇಶದಿಂದ ವಿಮರ್ಶಿಸುವವರಿಗೆ ರಕ್ಷಣೆ ಇರಲೇಬೇಕು ಎಂದು ಒತ್ತಿ ಹೇಳಿದವರು ಮೊಹಮ್ಮದ್ ಅಲಿ ಜಿನ್ನಾ. ರಾಜಪಾಲ್ ಮಾತ್ರ 1929ರಲ್ಲಿ ಕೊಲೆಯಾದರು.

ಹೀಗೆ ಬಂದ ಕಲಂನ ತಿರುಳನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ: ನಾಗರಿಕರ ಯಾವುದೇ ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸಬೇಕೆಂದು, ಬೇಕೆಂದೇ, ಹಗೆಯಿಂದ, ಆ ವರ್ಗದ ಧರ್ಮವನ್ನು ಅವಮಾನಿಸುವುದು. ಧರ್ಮದ ಅವಮಾನ ಇದರಲ್ಲಿ ಒಂದು ಅಂಗವಷ್ಟೇ. ಬೇಕೆಂದೇ ಎಂಬುದೂ ಇರಬೇಕು, ಹಗೆಯೂ ಇರಬೇಕು, ಗುರಿ ಒಂದು ವರ್ಗದ ಜನರಾಗಿರಬೇಕು. ಒಂದು ತಪ್ಪಿದರೂ ಅಪರಾಧವಿಲ್ಲ. 1957ರ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕಲಂ ಅನ್ನು ಎತ್ತಿಹಿಡಿದದ್ದೂ ಇದೇ ಆಧಾರದ ಮೇಲೆ. ಅರಿವಿಲ್ಲದೆಯೋ ಅಜಾಗರೂಕತೆಯಿಂದಲೋ ಹಗೆಯಿಲ್ಲದೆಯೋ ಆದ ಅವಮಾನ ಇದರೊಳಗೆ ಬರುವುದಿಲ್ಲ ಎಂದು ಪೀಠ ಹೇಳಿತು. ಸಂವಿಧಾನದ 19(2)ರಲ್ಲಿ ಮಾತಿಗೆ ಮಿತಿ ಹಾಕಲು ಇರುವ ಕಾರಣಗಳನ್ನು ಓದಿ ನೋಡಿ. ದೇಶದ ಭದ್ರತೆ ಇದೆ, ಸಾರ್ವಜನಿಕ ಸುವ್ಯವಸ್ಥೆ ಇದೆ, ಸಭ್ಯತೆ ಇದೆ, ಮಾನನಷ್ಟವೂ ಇದೆ. ಧರ್ಮ ಇಲ್ಲ, ಭಾವನೆಯೂ ಇಲ್ಲ. 295ಎ ಉಳಿದದ್ದು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ.

ಇದೇ ಬೇರಿನಿಂದ ಪಾಕಿಸ್ತಾನದಲ್ಲಿ ಏನು ಬೆಳೆಯಿತು ಎಂದು ನೋಡಿದರೆ ಪದದ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿಯೂ 295ಎ ಇದೆ. 1986ರಲ್ಲಿ ಅದರ ಪಕ್ಕಕ್ಕೆ 295ಸಿ ಬಂತು: ಪ್ರವಾದಿಯವರ ಹೆಸರಿಗೆ ಕಳಂಕ ತರುವ ಮಾತಿಗೆ ಮರಣದಂಡನೆ. ಅದರಲ್ಲಿ ‘ಬೇಕೆಂದೇ’ ಇಲ್ಲ, ‘ಹಗೆಯಿಂದ’ ಇಲ್ಲ, ಜನರ ವರ್ಗದ ಮಾತೂ ಇಲ್ಲ. ಅದು ಧರ್ಮನಿಂದನೆಯ ಕಾನೂನು. 2010ರಲ್ಲಿ ಗಲ್ಲುಶಿಕ್ಷೆಗೆ ಗುರಿಯಾದ ಆಸಿಯಾ ಬೀಬಿ ಖುಲಾಸೆಯಾಗಲು 2018ರವರೆಗೆ ಕಾಯಬೇಕಾಯಿತು. ಆ ಕಾನೂನಿನ ಹೆಸರನ್ನೇ ತಂದು ನಮ್ಮ ಠಾಣೆಯ ಎಫ್‌ಐಆರ್‌ಗೆ ಇಟ್ಟರೆ, ಓದುಗರು ಇಲ್ಲಿಯೂ ಅಂಥದೇ ಅಪರಾಧವಿದೆ ಎಂದು ನಂಬುತ್ತಾರೆ. ನಂಬಿದವರು ಅದರಂತೆ ಶಿಕ್ಷೆಯನ್ನೂ ಕೇಳುತ್ತಾರೆ.

ಧರ್ಮನಿಂದನೆ ಬಿಟ್ಟರೆ ನಮ್ಮವರು ಹಿಡಿಯುವುದು ‘ಧಾರ್ಮಿಕ ಭಾವನೆಗೆ ಧಕ್ಕೆ’. ನನಗೆ ಇದರ ಮೇಲೆಯೂ ತಕರಾರಿದೆ. ಧಕ್ಕೆ ಎಂದರೆ ತಳ್ಳು, ಡಿಕ್ಕಿ, ಪೆಟ್ಟು. ಭಾವನೆಗೆ ‘ಧಕ್ಕೆಯಾಯಿತು’ ಎನ್ನುತ್ತೇವೆ; ಯಾರು ಮಾಡಿದರು, ಏಕೆ ಮಾಡಿದರು ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ಮಳೆಯಾಯಿತು ಎಂದಂತೆ ಧಕ್ಕೆಯಾಯಿತು. ಕನ್ನಡದ ವ್ಯಾಕರಣದಲ್ಲಿ ಇದಕ್ಕೆ ಒಳ್ಳೆಯ ಜೋಡಿ ಇದೆ: ಕೆರಳು, ಕೆರಳಿಸು. ಕೆರಳುವುದು ತಾನಾಗಿ ಆಗುವುದು; ‘ಇಸು’ ಸೇರಿದ ಕೂಡಲೇ ಮಾಡಿಸಿದವನೊಬ್ಬ ಬೇಕು. 295ಎ ಕೇಳುವುದು ಕೆರಳಿಸಿದವನ ಬಗ್ಗೆ. ಸುದ್ದಿ ಬರುವುದು ಕೆರಳಿದವರ ಬಗ್ಗೆ. ಎಷ್ಟು ಜನ ಕೆರಳಿದರು, ಠಾಣೆಯ ಮುಂದೆ ಎಷ್ಟು ಜನ ಕೂತರು ಎಂಬುದನ್ನು ಎಣಿಸಿ ಅಪರಾಧದ ತೂಕ ಹಾಕುವ ಅಭ್ಯಾಸ ಬಂದುಬಿಟ್ಟಿದೆ. ಆ ಎಣಿಕೆಯಿಂದ ಮಾತಾಡಿದವನ ಉದ್ದೇಶದ ಬಗ್ಗೆ ಏನೂ ತಿಳಿಯುವುದಿಲ್ಲ. ಜತೆಗೆ ನೋಯಿಸುವುದಕ್ಕೂ ಕೆರಳಿಸುವುದಕ್ಕೂ ಕಾನೂನಿನಲ್ಲಿ ಅಂತರವಿದೆ. ಹಳೆಯ 298ರ ನೋಯಿಸುವ ಮಾತಿಗೆ ಒಂದು ವರ್ಷದವರೆಗೆ ಶಿಕ್ಷೆ, ಜಾಮೀನು ಸಿಗುತ್ತಿತ್ತು. 295ಎಗೆ ಮೂರು ವರ್ಷ, ಜಾಮೀನುರಹಿತ. ‘ಧಕ್ಕೆ’ ಎಂಬ ಒಂದೇ ಪದ ಎರಡನ್ನೂ ನುಂಗಿಹಾಕುತ್ತದೆ.

ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯನ್ನು ವಿಷ್ಣುವಿನ ರೂಪದಲ್ಲಿ ತೋರಿಸಿದ 2013ರ ಪತ್ರಿಕೆಯೊಂದರ ಮುಖಪುಟ ನೆನಪಿರಬಹುದು. ಬೆಂಗಳೂರಿನಲ್ಲೂ ಅನಂತಪುರದಲ್ಲೂ ದೂರು ದಾಖಲಾದವು. 2017ರಲ್ಲಿ ಸುಪ್ರೀಂ ಕೋರ್ಟ್ ಅನಂತಪುರದ ಪ್ರಕರಣವನ್ನು ರದ್ದುಮಾಡಿದಾಗ ಹಿಡಿದದ್ದು 1957ರ ಅದೇ ಎಳೆಯನ್ನು: ಹಗೆಯ ಉದ್ದೇಶ ಎಲ್ಲಿದೆ? ಕಡಬ ತಾಲ್ಲೂಕಿನ ಮಸೀದಿಯೊಳಗೆ ‘ಜೈ ಶ್ರೀರಾಮ್’ ಕೂಗಿದ ಪ್ರಕರಣವನ್ನು 2024ರಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಮಾಡಿದಾಗಲೂ ಧೋನಿ ತೀರ್ಪನ್ನು ಆಧರಿಸಿತು. ಆ ವಿಷಯ ಮುಂದೆ ಸುಪ್ರೀಂ ಕೋರ್ಟಿಗೆ ಹೋಯಿತು. ನನ್ನ ದೃಷ್ಟಿಯಲ್ಲಿ ಈ ಎರಡು ಒಂದೇ ಬಗೆಯವಲ್ಲ. ಮುಖಪುಟ ಯಾರ ಮನೆಯ ಬಾಗಿಲಿಗೂ ಹೋಗಿರಲಿಲ್ಲ. ಇನ್ನೊಬ್ಬರ ಪ್ರಾರ್ಥನೆಯ ಜಾಗದೊಳಗೆ ಹೋಗಿ ಕೂಗುವಾಗ ಕೂಗಿನ ಪದಕ್ಕಿಂತ ಜಾಗವನ್ನು ಆರಿಸಿಕೊಂಡ ಮನಸ್ಸು ಹೆಚ್ಚು ಹೇಳುತ್ತದೆ. ಪದ ಎಷ್ಟೇ ಪವಿತ್ರವಾಗಿದ್ದರೂ ಉದ್ದೇಶದ ಪ್ರಶ್ನೆ ಅಲ್ಲಿ ಮುಗಿಯುವುದಿಲ್ಲ. ನಿಂದಾಸ್ತುತಿಯ ಪಾಠ ಇಲ್ಲಿ ತಿರುವುಮುರುವಾಗಿ ಅನ್ವಯಿಸುತ್ತದೆ.

ಕೃತ್ಯದ ವಿಷಯಕ್ಕೆ ಬಂದರೆ 1953ರ ತಿರುಚಿರಾಪಳ್ಳಿ. ಪೆರಿಯಾರ್ ಮೊದಲೇ ಸಾರಿ, ಮಣ್ಣಿನ ಗಣಪತಿಯನ್ನು ಸಾರ್ವಜನಿಕವಾಗಿ ಒಡೆದರು. ಪೂಜೆಯಲ್ಲಿಲ್ಲದ ಬೊಂಬೆ ಪವಿತ್ರ ವಸ್ತುವಲ್ಲ ಎಂದು ಕೆಳಗಿನ ನ್ಯಾಯಾಲಯಗಳು ದೂರು ತಳ್ಳಿಹಾಕಿದ್ದವು. 1958ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಒಂದು ವರ್ಗದ ಜನ ಪವಿತ್ರವೆಂದು ಭಾವಿಸಿದರೆ ಸಾಕು, ಪೂಜೆಗೊಂಡಿರಲೇಬೇಕೆಂದಿಲ್ಲ ಎಂದಿತು. ದೂರು ಹಳತಾಗಿತ್ತೆಂದು ಮರುತನಿಖೆಗೆ ಆದೇಶಿಸಲಿಲ್ಲ. ಇಲ್ಲಿಯೂ ಗಮನಿಸಿ: ಅಳತೆಗೋಲು ಗಣಪತಿಯಲ್ಲ, ಗಣಪತಿಯನ್ನು ನಂಬಿದ ಜನ.

ಉದ್ದೇಶದ ಈ ಕಾವಲು ಕೆಲಸ ಮಾಡದ ಒಂದು ಕಡೆ ಇದೆ, ಅದು ಪುಸ್ತಕ ಮುಟ್ಟುಗೋಲು. ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ ಪ್ರಕಾರ, 295ಎ ಅಡಿ ಶಿಕ್ಷಾರ್ಹವಾದ ಬರಹ ಇದೆ ಎಂದು ರಾಜ್ಯ ಸರ್ಕಾರಕ್ಕೆ ಕಂಡರೆ, ಕಾರಣ ತಿಳಿಸಿ ಎಲ್ಲ ಪ್ರತಿಗಳನ್ನೂ ವಶಪಡಿಸಿಕೊಳ್ಳಬಹುದಿತ್ತು. ಲೇಖಕ ತಪ್ಪಿತಸ್ಥನೆಂದು ಸಾಬೀತಾಗಬೇಕಿರಲಿಲ್ಲ. ಪಿ.ವಿ. ನಾರಾಯಣ ಅವರ ಕಾದಂಬರಿ ‘ಧರ್ಮಕಾರಣ’ದ ಮುಟ್ಟುಗೋಲನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಈ ಕಲಂ ಅಡಿಯಲ್ಲೇ. ಬರೆದವನಿಗೆ ಇರುವ ರಕ್ಷಣೆ ಬರೆದದ್ದಕ್ಕೆ ಇಲ್ಲದಿರುವುದು ನನಗೆ ಈಗಲೂ ಸರಿಕಾಣದು. ಅದರ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಅಧಿಕಾರ ಹಾಗೇ ಮುಂದುವರಿದಿದೆ.

ವರದಿಗಾರರಿಗೆ ಇನ್ನೊಂದು ಮಾತು. ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 295ಎ ಈಗ 299, ಹಳೆಯ 295 ಈಗ 298, ಹಳೆಯ 298 ಈಗ 302. ಹಳೆಯ ದಂಡಸಂಹಿತೆಯಲ್ಲಿ (ಐಪಿಸಿ) 299 ಎಂದರೆ ದಂಡನೀಯ ನರಹತ್ಯೆಯ ವ್ಯಾಖ್ಯೆ, 302 ಎಂದರೆ ಕೊಲೆಗೆ ಶಿಕ್ಷೆ. ಸಂಹಿತೆ ಯಾವುದೆಂದು ಬರೆಯದೆ ಸಂಖ್ಯೆಯನ್ನಷ್ಟೇ ಬರೆದರೆ, ಮಾತಾಡಿದವನ ಸುದ್ದಿಯನ್ನು ಓದುಗರು ಕೊಲೆಗಾರನ ಸುದ್ದಿಯೆಂದು ಓದಿಕೊಳ್ಳುತ್ತಾರೆ.