ವೇರಿಯಂಟ್ ನಂಬುವ ಮೊದಲು ರೀಡ್ ನೋಡಿ

ಬೆಂಗಳೂರಿನ ಲ್ಯಾಬ್‌ಗಳಲ್ಲಿ ಈಗ ಜೀನೋಮ್ ಡೇಟಾಗೆ ಬರವಿಲ್ಲ. ಆದರೆ ಎಷ್ಟೋ ವಿದ್ಯಾರ್ಥಿಗಳು ವೇರಿಯಂಟ್ (ಡಿಎನ್‌ಎ ಬದಲಾವಣೆ) ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು, ಫಿಲ್ಟರ್ ಹಾಕಿ, ಅಲ್ಲಿಗೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ರೋಗಿಯ ಸ್ಯಾಂಪಲ್ ಆದರೆ ಆ ವರದಿಗಾಗಿ ಒಂದು ಕುಟುಂಬ ಕಾಯುತ್ತಿರುತ್ತದೆ. ಪಟ್ಟಿಯ ಸಾಲಿನ ಹಿಂದಿರುವ ರೀಡ್‌ಗಳನ್ನು, ಅಂದರೆ ಯಂತ್ರ ಓದಿದ ಡಿಎನ್‌ಎ ತುಣುಕುಗಳನ್ನು, ಕಣ್ಣಾರೆ ನೋಡಲೇಬೇಕು. ಅದಕ್ಕೆ ಬ್ರಾಡ್ ಇನ್‌ಸ್ಟಿಟ್ಯೂಟ್‌ನ ಉಚಿತ ತಂತ್ರಾಂಶ ಐಜಿವಿ ಸಾಕು.

ಇಡೀ ಜೀನೋಮ್‌ನ ರೀಡ್‌ಗಳಿರುವ ಬ್ಯಾಮ್ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸುವ ಗೋಜು ಬೇಡ. ಸರ್ವರ್‌ನಲ್ಲೇ ಸ್ಯಾಮ್‌ಟೂಲ್ಸ್ ಎಂಬ ತಂತ್ರಾಂಶದಿಂದ ಬೇಕಾದ ಭಾಗವನ್ನಷ್ಟೇ ಕತ್ತರಿಸಿ, ಇಂಡೆಕ್ಸ್ ಮಾಡಿ, ಬ್ಯಾಮ್ ಮತ್ತು ಇಂಡೆಕ್ಸ್ ಎರಡೂ ಫೈಲುಗಳನ್ನು ಒಂದೇ ಫೋಲ್ಡರ್‌ನಲ್ಲಿಡಿ. ಸಾರ್ಟ್ ಆಗದ (ಜೀನೋಮಿನ ಜಾಗದ ಕ್ರಮದಲ್ಲಿ ಜೋಡಿಸದ) ಬ್ಯಾಮ್‌ಗೆ ಇಂಡೆಕ್ಸ್ ಆಗುವುದಿಲ್ಲ.

ಹೆಚ್ಚಿನವರು ಎಡವುವುದು ಬಿಲ್ಡ್‌ನಲ್ಲಿ, ಅಂದರೆ ಹೋಲಿಕೆಗೆ ಬಳಸುವ ಮಾದರಿ ಜೀನೋಮ್‌ನ ಆವೃತ್ತಿಯಲ್ಲಿ. ಎಚ್‌ಜಿ19, ಎಚ್‌ಜಿ38 ಅಂಥ ಎರಡು ಆವೃತ್ತಿಗಳು. ಕುಡುಗೋಲು ಕಣ ಕಾಯಿಲೆಯನ್ನೇ ತೆಗೆದುಕೊಳ್ಳಿ. ಅದರ ಬದಲಾವಣೆ 11ನೇ ಕ್ರೋಮೋಸೋಮಿನಲ್ಲಿ, ಎಚ್‌ಜಿ19ರ ಲೆಕ್ಕದಲ್ಲಿ 5248232ನೇ ಬೇಸ್ (ಡಿಎನ್‌ಎಯ ಒಂದು ಅಕ್ಷರ), ಎಚ್‌ಜಿ38ರಲ್ಲಿ 5227002. ನಡುವೆ 21,230 ಬೇಸ್ ಅಂತರ. ತಪ್ಪು ಬಿಲ್ಡ್ ಆರಿಸಿದರೂ ರೀಡ್‌ಗಳು ತೆರೆದುಕೊಳ್ಳುತ್ತವೆ, ಆದರೆ ಮೈತುಂಬ ಬಣ್ಣಬಣ್ಣದ ಗೆರೆ, ಹೊಂದದ ಬೇಸ್‌ಗಳ ಗುರುತು. ಅದನ್ನು ಕಂಡೊಡನೆ ಎಡ ಮೇಲ್ಮೂಲೆಯ ಜೀನೋಮ್ ಹೆಸರು ನೋಡಿ. ಅಂತರವನ್ನು ಕೂಡಿ ಕಳೆದು ಸರಿಮಾಡಲು ಹೋಗಬೇಡಿ. ಅದು ಜಾಗದಿಂದ ಜಾಗಕ್ಕೆ ಬೇರೆ, ಬಿಲ್ಡ್‌ನಿಂದ ಬಿಲ್ಡ್‌ಗೆ ಜಾಗ ಬದಲಿಸಿಕೊಡುವ ಲಿಫ್ಟ್‌ಓವರ್ ಬಳಸಿ.

ಅದೇ ಜಾಗದಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. ಪಠ್ಯದಲ್ಲಿ ಎ ಹೋಗಿ ಟಿ ಬಂದಿದೆ ಎಂದಿರುತ್ತದೆ. ಐಜಿವಿಯಲ್ಲಿ ಟಿ ಇರಬೇಕಾದಲ್ಲಿ ಹಸಿರು ಎ ಕಾಣುತ್ತದೆ. ಎರಡೂ ಸರಿ. ಈ ಬದಲಾವಣೆ ಇರುವ ಎಚ್‌ಬಿಬಿ ಜೀನ್ ಇರುವುದು ಡಿಎನ್‌ಎಯ ಮೈನಸ್ ಎಳೆಯಲ್ಲಿ, ಐಜಿವಿ ತೋರಿಸುವುದು ಎದುರಿನ ಪ್ಲಸ್ ಎಳೆಯನ್ನು, ಅಲ್ಲಿ ಎ ಎದುರಿಗೆ ಟಿ, ಟಿ ಎದುರಿಗೆ ಎ. ವಾಹಕರಲ್ಲಿ (ಜೀನ್‌ನ ಒಂದು ಪ್ರತಿಯಲ್ಲಷ್ಟೇ ಬದಲಾವಣೆ ಇರುವವರಲ್ಲಿ) ಹೆಚ್ಚುಕಡಿಮೆ ಅರ್ಧ ರೀಡ್‌ಗಳಲ್ಲಿ ಆ ಹಸಿರು ಇರಬೇಕು.

ಈಗ ರೈಟ್ ಕ್ಲಿಕ್ ಮಾಡಿ, ಬೇಸ್ ಪ್ರಕಾರ ಸಾರ್ಟ್ ಮಾಡಿ, ರೀಡ್‌ನ ದಿಕ್ಕಿಗೆ ತಕ್ಕಂತೆ ಬಣ್ಣ ಕೊಡಿ. ಬದಲಾವಣೆ ಒಂದೇ ದಿಕ್ಕಿನ ರೀಡ್‌ಗಳಲ್ಲಿದ್ದರೆ ಅನುಮಾನಿಸಿ. ರೀಡ್‌ಗಳ ತುದಿಯಲ್ಲಷ್ಟೇ ಇದ್ದರೆ ಅಲ್ಲಿ ಗುಣಮಟ್ಟ ಕುಸಿದಿರಬಹುದು, ಇಲ್ಲವೇ ಪಕ್ಕದ ಇನ್‌ಡೆಲ್‌ನಿಂದ (ಬೇಸ್ ಸೇರ್ಪಡೆ ಅಥವಾ ಅಳಿಕೆಯಿಂದ) ಜೋಡಣೆ ತಪ್ಪಿರಬಹುದು. ಬಣ್ಣ ತುಂಬದ ಬಿಳಿ ರೀಡ್‌ಗಳ ಮ್ಯಾಪಿಂಗ್ ಗುಣಾಂಕ ಸೊನ್ನೆ: ಅವು ಜೀನೋಮಿನ ಬೇರೆ ಜಾಗಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತವೆ. ಅವನ್ನು ಸಾಕ್ಷಿ ಎಂದು ಎಣಿಸಲೇಬಾರದು.

ಗಡ್ಡೆಯ ಸ್ಯಾಂಪಲ್‌ನಲ್ಲಿ ಮೇಲಿನ ಕವರೇಜ್ ಪಟ್ಟಿ (ಪ್ರತಿ ಜಾಗದಲ್ಲಿ ಎಷ್ಟು ರೀಡ್‌ಗಳಿವೆ ಎಂದು ತೋರಿಸುವ ಕಂಬಗಳ ಸಾಲು) ಬೂದು ಬಣ್ಣದಲ್ಲಿದೆ ಎಂದು ಮುಂದೆ ಸಾಗಬೇಡಿ. ಬದಲಾದ ಬೇಸ್ ಸುಮಾರು 20% ದಾಟಿದರೆ ಮಾತ್ರ ಐಜಿವಿ ಅಲ್ಲಿ ಬಣ್ಣ ತೋರಿಸುತ್ತದೆ. 8% ಇರುವ ಬದಲಾವಣೆ ಆ ಬೂದು ಬಣ್ಣದಲ್ಲೇ ಅಡಗಿರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಈ ಮಿತಿಯನ್ನು ಇಳಿಸಿ, ಇಲ್ಲವೇ ಆ ಕಂಬದ ಮೇಲೆ ಕ್ಲಿಕ್ ಮಾಡಿ: ಯಾವ ಬೇಸ್ ಎಷ್ಟು ರೀಡ್‌ಗಳಲ್ಲಿ, ಯಾವ ದಿಕ್ಕಿನಲ್ಲಿ ಇದೆ ಎಂಬ ಲೆಕ್ಕ ಸಿಗುತ್ತದೆ. ಬಿಲ್ಡ್‌ನ ಹೆಸರಿನ ಜೊತೆ ಆ ಲೆಕ್ಕವೂ ವರದಿಯಲ್ಲಿ ಇರಲಿ.